ಓಡುವವಳ ಹಿಂದೆ ತಾಮ್ರದ ಕೊಡ

ಆ ಭಾನುವಾರ ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಗದೇ ಹೋದದ್ದಕ್ಕೂ ಒಂದು ಮರ್ಯಾದೆ ಬೇಡವೇ? ನನ್ನ ಹೆಂಡತಿ ಗಿರಿಜೆಗೆ ನಡುದಾರಿಯಲ್ಲಿ ಬಿಸಿಲು ಹೊಡೆದು ಕಣ್ಣು ಕತ್ತಲೆ ಬರಬಹುದಿತ್ತು. ಮೈಯಲ್ಲಿನ ಉಪ್ಪೆಲ್ಲ ಬೆವರಾಗಿ ಹರಿದು ಮೀನಖಂಡ ಹಿಡಿದುಕೊಳ್ಳಬಹುದಿತ್ತು. ಮೆಕ್ಕೆಜೋಳದ ಲಾರಿಯವನು ತೂಕಡಿಸಬಹುದಿತ್ತು. ಊರಿಗೊಂದು ಪಡೆಯಂತೆ ಇರುವ ನಾಯಿಗಳು, ಓಡುವ ಮನುಷ್ಯರನ್ನು ಕಂಡರೆ ಸಾಕು ಹಳೇ ವೈರಿಗಳಂತೆ ಬೆನ್ನು ಹತ್ತುವುದು ಗೊತ್ತೇ ಇದೆ. ರಸ್ತೆ ಬದಿಯ ಹುಣಸೆಮರದಲ್ಲಿ ಹೆಜ್ಜೇನು ಏಳಬಹುದಿತ್ತು. ಡಾಂಬರು ಕರಗಿ ಬೂಟಿನ ಅಟ್ಟೆ ಅಲ್ಲೇ ಅಂಟಿಕೊಳ್ಳಬಹುದಿತ್ತು. ಮಜ್ಜಿಗೆ ಒಡೆಯಬಹುದಿತ್ತು, ನನ್ನ ಮೊಪೆಡ್ಡು ಪಂಕ್ಚರ್ ಆಗಬಹುದಿತ್ತು, ಅದನ್ನು ನೂಕುತ್ತಾ ನನಗೇ ಎದೆ ಹಿಡಿಯಬಹುದಿತ್ತು. ಇಷ್ಟನ್ನೂ ನಾನು ವಾರದ ಹಿಂದಿನಿಂದಲೇ ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ. ಚಿಂತೆಯಲ್ಲಿ ನನ್ನದು ಪಳಗಿದ ಕೈ. ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಸಿಡಿಲಿಗೆ ಹೆದರಿ ಟೀವಿ ವೈರು ಕಿತ್ತಿಡುವ ಜಾತಿ ನನ್ನದು.

ಇದೆಲ್ಲ ಶುರುವಾದದ್ದು ನನ್ನ ರಕ್ತದೊತ್ತಡದಿಂದ. ಹರಪನಹಳ್ಳಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ದಿನವಿಡೀ ಗಾದಿಯ ಮೇಲೆ ಕೂತೂ ಕೂತೂ ನನ್ನ ಮೈ ನಾನೇ ಮಾರುವ ಕೊಪ್ಪರಿಗೆಯ ಆಕಾರಕ್ಕೆ ಬರುತ್ತಿದ್ದುದನ್ನು ಕಂಡು ಡಾಕ್ಟರು, ದಿನಾ ಬೆಳಗ್ಗೆ ನಡೆಯಿರಿ ಎಂದರು. ಒಬ್ಬನೇ ಹೋಗಿ ದಾರಿಯಲ್ಲಿ ಏನಾದರೂ ಆದರೆ ಯಾರು ದಿಕ್ಕು ಎಂದು ಗಿರಿಜೆಯನ್ನೂ ಹೊರಡಿಸಿದೆ. ಕೆಲವೇ ದಿನಗಳಲ್ಲಿ, ಮಂಡಿ ನೋವು ಬಂದೀತೆಂಬ ಭಯದಿಂದ ನಾನು ಬಿಟ್ಟೆ. ಅವಳು ಬಿಡಲಿಲ್ಲ. ನಡೆಯುತ್ತಿದ್ದವಳು ಬಿರಬಿರನೆ ನಡೆದಳು, ಬಿರಬಿರನೆ ನಡೆಯುತ್ತಿದ್ದವಳು ಒಂದು ದಿನ ಸೀರೆ ಬಿಟ್ಟು ಚೂಡಿದಾರ ತೊಟ್ಟು ಓಡಿಯೇ ಬಿಟ್ಟಳು. ಮಾತ್ರೆ ನುಂಗುತ್ತಿದ್ದವನು ನಾನು, ಮೈ ಇಳಿದದ್ದು ಅವಳದು. ಈಗ ಮಳೆಗಾಲದಲ್ಲಿ ಮೈಸೂರಿನಲ್ಲಿ ನಡೆಯುವ ದೊಡ್ಡ ಓಟಕ್ಕೆ ಹೋಗುತ್ತೇನೆ ಎನ್ನುವವರೆಗೆ ಬಂದಿತ್ತು. ಓಟವೇನೋ ಮೈಸೂರಿನ ತಂಪಿನಲ್ಲಿ ಸರಿ; ತಾಲೀಮು ನಡೆಯಬೇಕಾದದ್ದು ನಮ್ಮೂರಿನ ಬೇಸಿಗೆಯಲ್ಲಿ. ನಮ್ಮ ಕಡೆ ಬೇಸಿಗೆ ಎಂದರೆ ಕಾಗೆಯೂ ಹಾರುವ ಮೊದಲು ಎರಡು ಸಲ ಯೋಚಿಸುವ ಕಾಲ.

ಗಿರಿಜೆ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದಳು. ಹರಪನಹಳ್ಳಿಯಿಂದ ತನ್ನ ತವರು ಕೊಟ್ಟೂರಿನವರೆಗೆ ಓಡಬೇಕು. ಸುಸ್ತಾದರೆ ನಡೆಯಬಹುದು, ಆದರೆ ಗಾಡಿ ಹತ್ತುವಂತಿಲ್ಲ. ಮುಟ್ಟಿದರೆ ಮೈಸೂರಿಗೆ ಹೆಸರು ಕೊಡುವುದು, ಮುಟ್ಟದಿದ್ದರೆ ಬೂಟು ಅಟ್ಟಕ್ಕೆ. ಯುಗಾದಿ ಕಳೆದ ಮೇಲೆ ಒಂದು ಸಲ ಹೊರಟು, ಅರ್ಧ ದಾರಿಯಲ್ಲಿ ಬಿಸಿಲು ತಾಳದೆ, ಜೊತೆಗಿದ್ದ ನಾನು "ಹತ್ತು, ಹತ್ತು" ಎಂದು ಗೋಗರೆದದ್ದಕ್ಕೆ ಮೊಪೆಡ್ಡು ಹತ್ತಿದ್ದಳು. ಆಮೇಲೆ ಒಂದು ವಾರ ನನಗೆ ತಾಟು ಕುಕ್ಕಿಯೇ ಊಟ ಬಡಿಸಿದಳು. ಹೆಸರು ಕೊಡಲು ಆ ಭಾನುವಾರವೇ ಕೊನೆಯ ದಿನವಾದ್ದರಿಂದ ಈ ಸಲ ಹೊರಡುವ ಮೊದಲೇ ಎಚ್ಚರಿಕೆ ಬಂತು. "ನೋಡ್ರಿ, ನೀವು ಬರ್ರಿ, ನೀರು ಕೊಡ್ರಿ. ಹತ್ತು ಅಂತ ಒಂದು ಮಾತು ನಿಮ್ ಬಾಯಾಗ ಬಂತಂದ್ರ ನಾ ಮೈಸೂರಿಗೂ ಹೋಗಂಗಿಲ್ಲ, ನಿಮ್ ಗಾಡೀನೂ ಇನ್ನ ಹತ್ತಂಗಿಲ್ಲ."

ಮಾತು ಆಡಬಾರದೆಂದರೆ ಚಿಂತೆ ಎಲ್ಲಿಗೆ ಹೋಗಬೇಕು? ಸಾಮಾನಿನೊಳಕ್ಕೆ ಹೋಯಿತು. ಸ್ಟೀಲ್ ಕ್ಯಾನಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಇನ್ನೊಂದರಲ್ಲಿ ಬೆಲ್ಲದ ಪಾನಕ, ಹಾಟ್‌ಬಾಕ್ಸಿನ ತುಂಬ ಐಸಿನ ನಡುವೆ ಒದ್ದೆ ಟವೆಲ್ಲು. ಜೇಬಿನಲ್ಲಿ ಈರುಳ್ಳಿ ಇದ್ದರೆ ಬಿಸಿಲು ಹೊಡೆಯುವುದಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳೆಂದು ಎರಡು ಈರುಳ್ಳಿ. ಕುಡಿಯುವ ನೀರಿನದೇ ದೊಡ್ಡ ಸಮಸ್ಯೆ. ಪ್ಲಾಸ್ಟಿಕ್ ಬಾಟಲಿಯ ನೀರು ನಮ್ಮ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಚಹಾಕ್ಕಿಟ್ಟ ನೀರಾಗುತ್ತದೆ. ಕೊನೆಗೆ ಮನೆಯಲ್ಲಿದ್ದ ತಾಮ್ರದ ಕೊಡ ತೆಗೆದು, ಅದಕ್ಕೆ ಒದ್ದೆ ಗೋಣಿತಟ್ಟು ಸುತ್ತಿ, ಮೊಪೆಡ್ಡಿನ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟು ಹಗ್ಗ ಬಿಗಿದೆ. ನೀರು ಬಗ್ಗಿಸಲು ತಂಬಿಗೆ, ಕುಡಿಯಲು ಲೋಟ. ಗಿರಿಜೆ ಬೂಟಿನ ದಾರ ಬಿಗಿಯುತ್ತಾ ಒಮ್ಮೆ ನನ್ನನ್ನೂ ಒಮ್ಮೆ ಗಾಡಿಯನ್ನೂ ನೋಡಿದಳು. "ರೀ, ನೀವು ನನ್ ಹಿಂದ ಬರಾಕತ್ತೀರೋ, ಸಂತಿಗೆ ಅಂಗಡಿ ಹಚ್ಚಾಕ ಹೊಂಟೀರೋ?"

ಬೆಳ್ಳಿ ಮೂಡುವ ಹೊತ್ತಿಗೆ ಹೊರಟೆವು. ಅಯ್ಯೋ, ಆ ಬೆಳಗನ್ನು ಏನೆಂದು ಹೇಳಲಿ! ತಣ್ಣನೆಯ ಗಾಳಿ, ಖಾಲಿ ರಸ್ತೆ, ಎರಡೂ ಕಡೆ ಉತ್ತು ಬಿಟ್ಟ ಕೆಂಪು ಹೊಲ, ಮುಂದೆ ಟಪ್ ಟಪ್ ಎಂದು ಗಿರಿಜೆಯ ಬೂಟು, ಹಿಂದೆ ಗಣಗಣ ಎಂದು ನನ್ನ ಪಾತ್ರೆಗಳು. ನನಗೆ ಮೈ ಜುಂ ಎನ್ನುತ್ತಿತ್ತು. ಓಡುತ್ತಿದ್ದವಳು ಅವಳಾದರೂ ಗೆಲ್ಲುತ್ತಿರುವವನು ನಾನೇ ಎನ್ನುವ ಹುಮ್ಮಸ್ಸು. ನಾಯಿಗಳು ಬಂದವು, ನಿಜ. ನನ್ನ ಪಾತ್ರೆಗಳ ಸದ್ದಿಗೆ ಬೆದರಿ ಬಂದ ದಾರಿಯಲ್ಲೇ ವಾಪಸು ಹೋದವು. ಲಾರಿಯವರು ಹಾರನ್ ಹಾಕಿ ಕೈ ಬೀಸಿದರು. ಒಬ್ಬ ಬೈಕಿನವನಂತೂ ವೇಗ ಇಳಿಸಿ, "ಅಕ್ಕಾ, ಬಸ್ ತಪ್ಪೇತೇನು? ಬರ್ರಿ, ಹಿಡಿಸಿ ಕೊಡ್ತೀನಿ" ಎಂದು ಅರ್ಧ ಕಿಲೋಮೀಟರು ಪಕ್ಕದಲ್ಲೇ ಬಂದ. ಹೊತ್ತು ಮೂಡಿ ಬಿಸಿಲು ಮುಖಕ್ಕೆ ತಾಗತೊಡಗಿದ ಮೇಲೂ ಅವಳ ಹೆಜ್ಜೆ ಬದಲಾಗಲಿಲ್ಲ. ನಾನು ತಂಬಿಗೆ ಚಾಚುವುದು, ಅವಳು ಎರಡು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಳ್ಳುವುದು, ಮತ್ತೆ ಟಪ್ ಟಪ್. ಸಂಸಾರದಲ್ಲಿ ನಾವಿಬ್ಬರೂ ಅಷ್ಟು ಹೊಂದಿಕೊಂಡು ಒಂದು ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ನಡುವಿನ ಒಂದು ಹಳ್ಳಿಯ ಕಟ್ಟೆಯ ಹತ್ತಿರ ಅದು ಆಯಿತು. ಬೇವಿನ ಮರದ ಕೆಳಗೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದು ರಸ್ತೆಯ ನಡುವೆಯೇ ನಿಂತು ನನ್ನ ಗಾಡಿಗೆ ಕೈ ಅಡ್ಡ ಹಿಡಿದಳು.

"ಏ ತಮ್ಮಾ, ನಿಲ್ಲಸೋ. ಹೆಂಡ್ತೀನ ಮುಂಜಾನೆದ್ದು ಹಿಂಗ ಬೀದ್ಯಾಗ ಓಡಸ್ತೀಯಲ್ಲ, ನಾಚಿಕಿ ಬರಂಗಿಲ್ಲೇನು ನಿನಗ?"

"ನಾ ಓಡಸಾಕತ್ತಿಲ್ಲ ಅಜ್ಜಿ, ಆಕಿನಾ ಓಡಾಕತ್ಯಾಳ."

"ಅದನ್ನಾ ನಾ ಹೇಳದು! ಸುಖವಾಗಿದ್ದೋರು ಯಾರರ ಓಡ್ತಾರೇನು?"

"ಅಲ್ಲಜ್ಜಿ, ಇದು ಪ್ರಾಕ್ಟೀಸು."

"ಏನ್ ಪ್ರಾಕ್ಟೀಸು? ಗಂಡನ್ನ ಬಿಟ್ಟು ಹೋಗಾದಕ್ಕೂ ಪ್ರಾಕ್ಟೀಸ್ ಮಾಡ್ತಾರೇನು ಈಗ?"

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದರು. ಅವರಲ್ಲೊಬ್ಬರು ಕನ್ನಡಕದ ಹಿರಿಯರು. ಅವರು ನೇರವಾಗಿ ಕೊಡದ ಹತ್ತಿರ ಬಗ್ಗಿ, ಗೋಣಿತಟ್ಟು ಸರಿಸಿ, ಕಂಠದ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದಿದರು. ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಗೆ ಹೆಸರು ಕೊರೆಸಿಯೇ ಕೊಡುವುದು. ಕೊಟ್ಟವರ ಹೆಸರು, ಊರು, ಯಾವ ಮಗಳಿಗೆ ಎಂಬುದು. ನಮ್ಮ ಕೊಡದ ಮೇಲೆ ಮಾವನವರ ಹೆಸರು, ಕೊಟ್ಟೂರು, ಮಗಳು ಗಿರಿಜಾಗೆ ಎಂದು ಚೊಕ್ಕವಾಗಿ ಇತ್ತು. ಹಾಗೆ ಹೆಸರು ಹೊತ್ತ ಪಾತ್ರೆ ಗಂಡನ ಮನೆಯಿಂದ ತವರಿನ ದಿಕ್ಕಿಗೆ ಹೊರಟಿತೆಂದರೆ ನಮ್ಮ ಸೀಮೆಯಲ್ಲಿ ಅರ್ಥ ಒಂದೇ: ಸಂಬಂಧ ಮುರಿದಿದೆ, ಕೊಟ್ಟದ್ದನ್ನು ಎಣಿಸಿ ಹಿಂದಕ್ಕೆ ಒಯ್ಯುತ್ತಿದ್ದಾರೆ. ಹಗಲೆಲ್ಲ ಅಂಗಡಿಯಲ್ಲಿ ಕೂತು ಪಾತ್ರೆಗಳಿಗೆ ಕರ್ ಕರ್ ಎಂದು ಹೆಸರು ಕೊರೆಯುವವನು ನಾನೇ. ಹೆಜ್ಜೇನಿನವರೆಗೆ ಯೋಚಿಸಿದ ತಲೆಗೆ ಇದೊಂದು ಹೊಳೆಯಲಿಲ್ಲ.

"ಪಾತ್ರಿ ಸಮೇತ ಹೊಂಟಾಳಂದ್ರ ಮಾತು ಭಾಳ ಮುಂದ ಹೋಗೇತಿ" ಎಂದು ಹಿರಿಯರು ತೀರ್ಪು ಕೊಟ್ಟರು. "ತವರಿನ ಕೊಡ ನಿನ್ ಕೈಲೇ ಹೊರಸ್ಯಾಳ ನೋಡು, ಗಟ್ಟಿಗಿತ್ತಿ" ಎಂದಳು ಅಜ್ಜಿ, ಮೆಚ್ಚುಗೆಯಿಂದ.

ಮುಂದೆ ಹೋಗಿದ್ದ ಗಿರಿಜೆ ಸದ್ದು ಕೇಳಿ ಹಿಂದಿರುಗಿ ಬಂದಳು, ನಿಂತಲ್ಲೇ ಕಾಲು ಕುಣಿಸುತ್ತಾ. ನನ್ನ ಮುಖ ನೋಡಿದಳು, ಕೊಡ ನೋಡಿದಳು, ಅಜ್ಜಿಯನ್ನು ನೋಡಿದಳು. ಎಲ್ಲವೂ ಅರ್ಥವಾಯಿತು. ನಿಂತು ವಿವರಿಸಿದರೆ ಬಿಸಿಲು ಏರುತ್ತದೆ, ಮೈ ಆರಿದರೆ ಕಾಲು ಮತ್ತೆ ಏಳುವುದಿಲ್ಲ. ನನ್ನ ಹೆಂಡತಿ ಒಂದು ಕ್ಷಣದಲ್ಲಿ ತೀರ್ಮಾನಿಸಿದಳು.

"ಹೂನಜ್ಜಿ, ನೀವಾ ಇವ್ರಿಗೆ ಒಂದೀಟು ಬುದ್ಧಿ ಹೇಳ್ರಿ. ನಾ ಮುಂದ ಹೋಗಿರ್ತೀನಿ."

ಹೇಳಿದವಳೇ ಹೊರಟೇಹೋದಳು! ಅವಳ ಕೈಯಲ್ಲಿದ್ದದ್ದು ಅಂಗೈಯಷ್ಟು ಬಾಟಲಿ. ಉಳಿದ ನೀರೆಲ್ಲ ನನ್ನ ಬಳಿ, ನನ್ನ ಗಾಡಿಯ ಕೀಲಿಯನ್ನು ಅಜ್ಜಿ ಆಗಲೇ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ನಾನು ಕೈ ಮುಗಿದೆ, ಕಾಲು ಹಿಡಿಯುವುದೊಂದು ಬಾಕಿ. ಮೈಸೂರು ಎಂದೆ, ಆರೋಗ್ಯ ಎಂದೆ, ಬಿ.ಪಿ. ಎಂದೆ. "ಮೊದ್ಲು ಚಾ ಕುಡಿ, ಆಮ್ಯಾಲೆ ಸುಳ್ಳು ಹೇಳುವಂತಿ" ಎಂದಳು ಅಜ್ಜಿ. ಚಹಾ ಬಂತು, ಹಿಂದೆಯೇ ಮಂಡಕ್ಕಿ ಒಗ್ಗರಣೆ ಬಂತು, ಮಿರ್ಚಿ ಬಂತು. ಜಗಳ ಬಿಡಿಸುವವರು ಇಷ್ಟು ಉಪಚಾರ ಮಾಡುವುದು ಎಲ್ಲಾದರೂ ಉಂಟೇ? ನಾಚಿಕೆಯ ಮಾತೆಂದರೆ, ಅಷ್ಟು ಆತಂಕದಲ್ಲೂ ಮಿರ್ಚಿ ರುಚಿಯಾಗಿತ್ತು. ಅಷ್ಟರಲ್ಲಿ ಕನ್ನಡಕದ ಹಿರಿಯರು ಕೊಡದ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿ, "ಏ, ಇವ್ರು ನಮ್ ಬೀಗರ ಪೈಕಿ!" ಎಂದು ಫೋನು ತೆಗೆದು ಯಾರಿಗೋ ಸುದ್ದಿ ಮುಟ್ಟಿಸಿಯೂ ಬಿಟ್ಟರು. ಕೊನೆಗೆ, ಇನ್ನು ಮುಂದೆ ಹೆಂಡತಿಗೆ ಜೋರು ಮಾಡುವುದಿಲ್ಲವೆಂದು ಹತ್ತು ಮಂದಿಯ ಎದುರು ನಾನು ಆಣೆ ಮಾಡಿದ ಮೇಲೆ ಕೀಲಿ ಕೈಗೆ ಬಂತು. ಜೋರು ಮಾಡುವುದು! ನಾನು! ನಮ್ಮ ಮನೆಯಲ್ಲಿ ಟೀವಿಯ ವಾಲ್ಯೂಮನ್ನೂ ಕೇಳಿಯೇ ಹೆಚ್ಚಿಸುವವನು.

ಗಾಡಿ ಓಡಿಸಿದೆನೋ ಹಾರಿಸಿದೆನೋ. ಬಿಸಿಲು ಆಗಲೇ ರಸ್ತೆಯ ಮೇಲೆ ಎಣ್ಣೆ ಕಾದಂತೆ ಕಾಯುತ್ತಿತ್ತು. ದೂರದಲ್ಲಿ ನೀರಿದ್ದಂತೆ ಕಾಣುವುದು, ಹತ್ತಿರ ಹೋದರೆ ಏನೂ ಇಲ್ಲ. ಒಂದು ತಿರುವು ಕಳೆದೆ, ಗಿರಿಜೆ ಇಲ್ಲ. ಇನ್ನೊಂದು ಕಳೆದೆ, ಇಲ್ಲ. ಚರಂಡಿಯನ್ನೂ ಇಣುಕಿದೆ. ಕೊನೆಗೆ ಕೊಟ್ಟೂರಿನ ಮೊದಲ ಮನೆಗಳು ಕಾಣುವ ಕಡೆ, ರಸ್ತೆಯ ಅಂಚಿನಲ್ಲಿ ಅವಳು. ಓಡುತ್ತಿರಲಿಲ್ಲ, ಕಾಲೆಳೆದುಕೊಂಡು ನಡೆಯುತ್ತಿದ್ದಳು. ಮುಖ ದಾಳಿಂಬೆಯ ಕೆಂಪು, ತುಟಿ ಒಣಗಿ ಬಿಳಿ. ದಾರಿಯಲ್ಲಿ ಯಾರೋ ಹೊಲದ ಬೋರಿನ ನೀರು ಕೊಟ್ಟಿದ್ದರಂತೆ, ಬಟ್ಟೆಯೆಲ್ಲ ತೊಯ್ದು ಮತ್ತೆ ಒಣಗಿತ್ತು. ಗಾಡಿ ನಿಲ್ಲಿಸಿದೆ. ನನ್ನ ಬಾಯಲ್ಲಿ ಆ ಮಾತು ಬಂದು ಹಲ್ಲಿನ ತನಕ ತುಂಬಿಕೊಂಡಿತ್ತು. ಹೇಳಿದ್ದರೆ ಅವಳು ಹತ್ತುತ್ತಿದ್ದಳು, ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದಕ್ಕೇ ನನ್ನ ಕಡೆ ನೋಡಲಿಲ್ಲ.

ನಾನು ಹಗ್ಗ ಬಿಚ್ಚಿ ಕೊಡ ಎತ್ತಿದೆ. ಅವಳಿಗೆ ತಂಬಿಗೆಯಲ್ಲಿ ಕುಡಿಸಿದೆ, ಟವೆಲ್ಲು ಕೊರಳಿಗೆ ಸುತ್ತಿದೆ, ಉಳಿದ ನೀರನ್ನು ಪೂರ್ತಿ ನೆತ್ತಿಯ ಮೇಲೆ ಸುರಿದೆ. ಅವಳು ಹಾ ಎಂದು ಉಸಿರೆಳೆದು ಕಣ್ಣುಬಿಟ್ಟಳು.

"ರೀ, ನನಗೊಬ್ಬಾಕಿಗೇ ಓಡಾಕ ಆಗವಲ್ದು. ಇಳೀರಿ."

"ನಾನಾ?"

"ಮತ್ಯಾರು? ಗಾಡಿ ಅಲ್ಲೇ ಬಿಡ್ರಿ."

ಬಿಟ್ಟೆ. ನಡುಬಿಸಿಲಲ್ಲಿ, ನೆರಳು ನೋಡದೆ, ಎಲ್ಲಿತ್ತೋ ಅಲ್ಲೇ ಬಿಟ್ಟೆ. ಓಡಿದೆ! ಈ ವಯಸ್ಸಿನಲ್ಲಿ, ಚಪ್ಪಲಿ ಕಾಲಲ್ಲಿ, ತೆಳ್ಳನೆಯ ಪೈಜಾಮ ಪಟಪಟ ಎನ್ನುತ್ತಿರಲು, ಒಂದು ಕೈಯಲ್ಲಿ ಖಾಲಿ ಕೊಡ ಹಿಡಿದು ಹೆಂಡತಿಯ ಪಕ್ಕದಲ್ಲಿ ಓಡಿದೆ. ಎದೆ ಹಿಡಿಯಲಿಲ್ಲ, ಮಂಡಿ ಮುರಿಯಲಿಲ್ಲ. ಬಾಗಿಲಲ್ಲಿ ನಿಂತವರು ನಗುತ್ತಿದ್ದರು, ಯಾರೋ ಸಿಳ್ಳೆ ಹಾಕಿದರು. ನನಗೂ ನಗು ಬರುತ್ತಿತ್ತು, ನಗಲು ಉಸಿರಿರಲಿಲ್ಲ. ಅವಳ ಹೆಜ್ಜೆ ಟಪ್ ಟಪ್ ಎಂದು ಮತ್ತೆ ಹದಕ್ಕೆ ಬಂತು. ಓಣಿಯ ಕೊನೆಯಲ್ಲಿ ಅವಳ ತವರಿನ ಬಾಗಿಲು. ಸುದ್ದಿ ನಮಗಿಂತ ಮೊದಲೇ ಓಡಿ ಬಂದಿತ್ತು: ಅತ್ತೆ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು, ಭಾವ ತೋಳೇರಿಸಿಕೊಂಡು ನಿಂತಿದ್ದ. ಗಿರಿಜೆ ಹೊಸಿಲು ಮುಟ್ಟಿ ಅಲ್ಲೇ ಕುಸಿದು ಕೂತು, "ಮುಟ್ಟಿದೆ ಅವ್ವಾ! ಓಡಿಕೊಂತಾ ಬಂದು ಮುಟ್ಟಿದೆ!" ಎಂದು ಅಳುತ್ತಾ ನಗುತ್ತಾ ಕೂಗಿದಳು. ಒದ್ದೆ ಕೈಯಿಂದಲೇ ಫೋನು ಇಸಿದುಕೊಂಡು ಮೈಸೂರಿಗೆ ಹೆಸರು ಹಚ್ಚಿದಳು. ಭಾವನ ತೋಳು ಕೆಳಗಿಳಿಯಿತು.

ನಾನು ಸಂಭ್ರಮದಿಂದ, ಊರಂಚಿನಲ್ಲಿ ಬಿಟ್ಟ ಗಾಡಿ ತರುತ್ತೇನೆಂದು ನಡೆದು ಹೋದೆ. ಎಲ್ಲವೂ ಸರಿಯಾಗಿ ಮುಗಿದ ಖುಷಿಯಲ್ಲಿ ಮನುಷ್ಯ ಒಂದು ಕ್ಷಣ ಚಿಂತೆ ಬಿಟ್ಟರೆ ತಪ್ಪೇ? ಕೀಲಿ ತಿರುವಿ, ಸಿಳ್ಳೆ ಹಾಕುತ್ತಾ, ಅಷ್ಟು ಹೊತ್ತು ಬಿಸಿಲಲ್ಲಿ ಕಾದಿದ್ದ ಆ ಕಪ್ಪು ಸೀಟಿನ ಮೇಲೆ ಧಡಕ್ಕನೆ ಕೂತೆ.

ಗಾಡಿಯನ್ನು ನೂಕಿಕೊಂಡೇ ಮನೆಗೆ ಬಂದೆ. ಒಳಗೆ ಅತ್ತೆ ಜಮಖಾನೆ ಹಾಸಿ, ರೊಟ್ಟಿ, ಎಣ್ಣೆಗಾಯಿ, ಶ್ಯಾವಿಗೆ ಪಾಯಸ ಬಡಿಸಿಟ್ಟು, "ಕುಂದರ್ರಿ ಅಳಿಯಂದ್ರೆ" ಎಂದರು.

"ಇರ್ಲಿ ಅತ್ತಿ, ನಿಂತಾ ಆರಾಮ ಐತಿ."

ಅತ್ತೆ ಮಗಳ ಕಿವಿಯ ಹತ್ತಿರ ಬಗ್ಗಿ, ನನಗೂ ಕೇಳುವಷ್ಟು ಮೆಲ್ಲಗೆ, "ಜಗಳ ಆಡಿಲ್ಲ ಅಂತೀಯಲ್ಲವ್ವಾ, ಸಿಟ್ಟು ಇನ್ನೂ ಇಳಿದಂಗ ಕಾಣವಲ್ದು" ಎಂದರು. ಗಿರಿಜೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಾಯಿಗೆ ಸೆರಗು ಸಿಗದೆ ರೊಟ್ಟಿಯನ್ನೇ ಅಡ್ಡ ಹಿಡಿದುಕೊಂಡು ನಕ್ಕಳು. ಅಷ್ಟು ದೂರ ಓಡಿ ಬಂದವಳು ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ಬಹುಪಾಲು ದಾರಿ ಕೂತೇ ಬಂದ ನಾನು ಕಂಬಕ್ಕೆ ಭುಜ ಒರಗಿಸಿ, ತಾಟು ಕೈಯಲ್ಲಿ ಹಿಡಿದು, ನಿಂತು ಉಂಡೆ.