ಪುಕ್ಕಟೆ ಬಸಳೆ

ಸಿಟ್ಟು ಬಂದರೆ ಕೆಲವರು ಪಾತ್ರೆ ಎಸೆಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಅರ್ಜಿ ಬರೆಯುತ್ತೇನೆ. ಪಾತ್ರೆ ಎಸೆಯುವ ಧೈರ್ಯ ನನಗಿಲ್ಲ, ಏಕೆಂದರೆ ನಮ್ಮ ಮನೆಯ ಪಾತ್ರೆಗಳೆಲ್ಲ ಹೆಂಡತಿಯ ತವರಿನವು. ಊಟ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಮೋರಿ ಕುಸಿಯಿತೆಂದು, ಅಂಚೆ ತಡವಾಯಿತೆಂದು, ಬಸ್ಸಿನ ಕಂಡಕ್ಟರು ಎಲ್ಲರೆದುರು ನನ್ನನ್ನು ಏಕವಚನದಲ್ಲಿ ಕರೆದನೆಂದು ಆಯಾ ಕಚೇರಿಗಳಿಗೆ ಬರೆಯುತ್ತಾ ಬಂದಿದ್ದೇನೆ. ಯಾವುದಕ್ಕೂ ಉತ್ತರ ಬಂದದ್ದಿಲ್ಲ. ಆದರೂ ಒಂದು ಖಾರವಾದ ಅರ್ಜಿ ಬರೆದು ಮುಗಿಸಿದ ಮೇಲೆ ಹಸಿವು ಬಹಳ ಚೆನ್ನಾಗಿ ಆಗುತ್ತದೆ. ಆ ದೃಷ್ಟಿಯಿಂದ ನನ್ನ ಅರ್ಜಿಗಳು ವ್ಯರ್ಥವಾದವು ಎನ್ನುವಂತಿಲ್ಲ.

ಅವುಗಳಲ್ಲಿ ಅತ್ಯಂತ ಖಾರವಾದದ್ದು ತರಕಾರಿಯ ಅರ್ಜಿ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಬೆಳುವಾಯಿಯ ಆಚೆ ಒಂದು ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ನಾನೇ ಹೆಡ್ಮಾಸ್ಟರು, ನಾನೇ ಅಸಿಸ್ಟೆಂಟು, ಗಂಟೆ ಹೊಡೆಯುವವನೂ ನಾನೇ. ಒಂದು ದಿನ ಬೆಳಗಿನ ಪ್ರಾರ್ಥನೆ ನಡೆಯುತ್ತಿರುವಾಗ ನಾಲ್ಕನೇ ಕ್ಲಾಸಿನ ಗಿರಿಜೆ ಧೊಪ್ಪೆಂದು ಬಿದ್ದುಬಿಟ್ಟಳು. ನಾನು ಹಾಡಿಸುವ ಪ್ರಾರ್ಥನೆ ದೀರ್ಘ ಹೌದು, ಆದರೆ ಅದುವರೆಗೆ ಯಾರೂ ಬಿದ್ದಿರಲಿಲ್ಲ. ಅವಳ ತಾಯಿ ಅಕ್ಕು ಶಾಲೆಯ ಹಿಂದಿನ ಗುಡ್ಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಬೀಡಿ ಕಟ್ಟುವವಳು. ತಾಯಿ ಮಗಳಿಬ್ಬರನ್ನೂ ಬಸ್ಸು ಹತ್ತಿಸಿ ಮೂಡುಬಿದಿರೆಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರರು ಗಿರಿಜೆಯ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. "ರಕ್ತವೇ ಇಲ್ಲ. ಮದ್ದು ಕೊಡ್ತೇನೆ. ಆದರೆ ಸೊಪ್ಪು ತರಕಾರಿ ದಿನಾ ಹೊಟ್ಟೆಗೆ ಹೋಗಬೇಕು. ಇಲ್ಲದಿದ್ದರೆ ಇದು ಇಲ್ಲಿಗೇ ನಿಲ್ಲುವುದಿಲ್ಲ" ಎಂದರು.

ಹೊರಗೆ ಬಂದ ಮೇಲೆ ಅಕ್ಕು ಕೇಳಿದಳು: "ಸೊಪ್ಪು ಎಲ್ಲಿಂದ ತರುವುದು ಮಾಷ್ಟ್ರೇ?"

"ಅಂಗಡಿಯಿಂದ" ಎಂದೆ. ಆರೋಗ್ಯದ ಪಾಠ ಮಾಡಿ ಮಾಡಿ ನನಗೆ ಹಾಗೆ ಥಟ್ಟನೆ ಉತ್ತರ ಕೊಡುವುದು ಅಭ್ಯಾಸವಾಗಿತ್ತು. ಮಗ್ಗಿ ತಪ್ಪಿದ ಹುಡುಗರನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು.

ಅವಳು ಹಾಗೆ ನೋಡಿದ್ದರಲ್ಲಿ ತಪ್ಪಿಲ್ಲ. ನಮ್ಮ ಊರಿಗಿದ್ದದ್ದು ಪೈಗಳ ಅಂಗಡಿಯೊಂದೇ. ಅಲ್ಲಿ ಬೀಡಿ ಉಂಟು, ಬೆಂಕಿಪೆಟ್ಟಿಗೆ ಉಂಟು, ಚಿಮಿಣಿ ಎಣ್ಣೆ, ಬೆಲ್ಲ, ಒಣಮೀನು, ಗೋಲಿಸೋಡ ಉಂಟು. ಇಡೀ ಅಂಗಡಿಯಲ್ಲಿ ಜೀವದ ಲಕ್ಷಣ ಕಾಣುತ್ತಿದ್ದದ್ದು ಮೊಳಕೆ ಬಂದ ಬಟಾಟೆಯಲ್ಲಿ ಮಾತ್ರ. ಹಾಗೆಂದು ಊರಿನಲ್ಲಿ ತರಕಾರಿಗೆ ಬರವೇ? ಕೊಯ್ಲು ಮುಗಿದ ಗದ್ದೆಗಳ ತುಂಬ ಹರಿವೆ, ಅಲಸಂಡೆ, ಬೆಂಡೆ, ಸೌತೆ! ಬೆಳಗಿನ ಬಸ್ಸು ಬಂದು ನಿಂತರೆ ಜನ ಹತ್ತುವ ಮೊದಲು ಬುಟ್ಟಿಗಳು ಹತ್ತುತ್ತಿದ್ದವು. ನಮ್ಮ ಗಿರಿಜೆ ಪ್ರಾರ್ಥನೆಗೆ ನಿಲ್ಲಲಾರದೆ ಬೀಳುವ ಹೊತ್ತಿಗೆ ನಮ್ಮ ಊರಿನ ಹರಿವೆ ಬಸ್ಸಿನ ತಲೆಯ ಮೇಲೆ ಕುಳಿತು ಗಾಳಿ ಸವಿಯುತ್ತಾ ಮೂಡುಬಿದಿರೆಯ ಸಂತೆಗೆ ಹೋಗುತ್ತಿತ್ತು. ಮಳೆಗಾಲವಾದರೆ ಗುಡ್ಡೆಯಲ್ಲಿ ತಾನಾಗಿ ಹುಟ್ಟುವ ಸೊಪ್ಪಾದರೂ ಸಿಕ್ಕೀತು. ಮಾರ್ಚ್ ತಿಂಗಳಲ್ಲಿ ಅಲ್ಲಿ ಸಿಗುವುದು ಮುರಕಲ್ಲು. ಅದನ್ನು ತಿಂದು ರಕ್ತ ಮಾಡಿಕೊಳ್ಳಿ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಗಲೂ ಉರಿಯಿತು. ಸೀದಾ ಪೈಗಳ ಅಂಗಡಿಗೆ ನುಗ್ಗಿ, "ಏನು ಪೈಗಳೇ, ಒಂದು ಕಟ್ಟು ಸೊಪ್ಪು ಇಡ್ಲಿಕ್ಕೆ ಆಗುವುದಿಲ್ಲವಾ ನಿಮಗೆ?" ಎಂದೆ.

ಪೈಗಳು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಯಾರಿಗೆ ಇಡುವುದು ಮಾರಾಯ್ರೇ? ಬೆಳೆಯುವವರಿಗೆ ಬೇಡ. ನಿಮ್ಮಂಥವರಿಗೆ ಮನೆಗೇ ಬರ್ತದೆ. ಅಂಗಳದಲ್ಲಿ ನಿಲ್ಲುವವರು ಕೇಳುವುದೇ ಇಲ್ಲ."

ಅಂಗಳದಲ್ಲಿ ನಿಲ್ಲುವವರು ಎಂದರೆ ಅಂಗಡಿಯ ಜಗಲಿ ಹತ್ತಲು ಅಪ್ಪಣೆಯಿಲ್ಲದ ಜನ. ಅಕ್ಕುವೂ ಅಲ್ಲೇ ನಿಲ್ಲುತ್ತಿದ್ದಳು. ಅಷ್ಟು ದೂರದಿಂದ ಅವಳಿಗೆ ಅಂಗಡಿಯಲ್ಲಿ ಏನಿದೆ ಏನಿಲ್ಲ ಎಂದು ಕಾಣುತ್ತಿತ್ತೋ ಇಲ್ಲವೋ! ಇನ್ನು ಪೈಗಳು ನನಗೆ ಕೊಟ್ಟ ಪೆಟ್ಟು ನಿಜವಾದದ್ದೇ. ಮಕ್ಕಳ ತಂದೆತಾಯಿ ದಾಕ್ಷಿಣ್ಯಕ್ಕೆ ಕೊಟ್ಟ ಸೌತೆಕಾಯಿಗಳು ನಮ್ಮ ಅಡಿಗೆಮನೆಯ ಮಾಡಿಗೆ ಸಾಲಾಗಿ ತೂಗುತ್ತಿದ್ದವು. ಬೆಳಿಗ್ಗೆ ಸೌತೆಕಾಯಿ ದೋಸೆ, ಮಧ್ಯಾಹ್ನ ಸೌತೆಕಾಯಿ ಹುಳಿ, ಸಂಜೆ ಅದರ ಬೀಜದ ಸಾರು. ನಡುನಡುವೆ ರುಚಿ ಬದಲಾಗಲೆಂದು ಶಾಲೆಯ ಹಿತ್ತಲಿನ ಬಸಳೆ. ಇದನ್ನೆಲ್ಲ ತಿಂದು ಬೇಸರವಾಗಿದೆ ಎಂದು ನಾನು ಗೊಣಗುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯಬಾರದಿತ್ತು.

ಅಲ್ಲಿಂದ ಊರಿನ ಜಮೀನುದಾರರ ಗುತ್ತಿನ ಮನೆಗೆ ಹೋದೆ. ಬಸ್ಸು ಹತ್ತುವ ಬುಟ್ಟಿಗಳಲ್ಲಿ ಅರ್ಧ ಆ ಮನೆಯವು. ಬೆಳೆದದ್ದರಲ್ಲಿ ಸ್ವಲ್ಪವನ್ನು ಊರಿನಲ್ಲೇ ಮಾರಬಾರದೇ ಎಂದು ಯಜಮಾನರನ್ನು ಕೇಳಿದೆ.

"ಊರವರಿಗೆ ತರಕಾರಿ ಮಾರುವುದಾ?" ಎಂದು ಅವರು ವೀಳ್ಯದ ಬಾಯಿಯಲ್ಲೇ ಹೌಹಾರಿದರು. "ಛೆ, ಮಾನ ಉಂಟಲ್ಲ ಮಾಷ್ಟ್ರೇ ನಮಗೆ! ಪೇಟೆಯಲ್ಲಿ ಮಾರುವುದು ಬೇರೆ. ಊರವರು ಬಂದು ಕೇಳಿದರೆ ಹಾಗೇ ಕೊಡುವ, ಹಣ ಯಾಕೆ?"

ಇದು ಔದಾರ್ಯವೇ ಎಂದುಕೊಂಡು ಅಕ್ಕುವಿಗೆ ಸುದ್ದಿ ಮುಟ್ಟಿಸಿದೆ. ಅವಳು ಮೊರದಲ್ಲಿದ್ದ ಬೀಡಿಯ ಮೇಲಿಂದ ಕೈ ತೆಗೆಯದೆ ಹೇಳಿದಳು: "ಕೇಳಿದರೆ ಕೊಡ್ತಾರೆ. ಮತ್ತೆ ಮಳೆ ಹಿಡಿದಾಗ ಅವರ ಗದ್ದೆಗೆ ನೇಜಿ ನೆಡ್ಲಿಕ್ಕೆ ಬಾ ಅಂತಾರೆ. ನಾನು ಬೀಡಿ ಬಿಟ್ಟು ಹೋಗಬೇಕು. ಇಲ್ಲ ಅನ್ಲಿಕ್ಕೆ ಬಾಯಿ ಉಂಟಾ, ಅವರ ಹರಿವೆ ತಿಂದ ಬಾಯಿ ಅಲ್ವಾ? ನನಗೆ ಪುಕ್ಕಟೆ ಬೇಡ ಮಾಷ್ಟ್ರೇ. ಹಣ ಕೊಡ್ತೇನೆ, ತೆಕ್ಕೊಳ್ತೇನೆ, ಬರ್ತೇನೆ. ಅಷ್ಟೇ."

ಅಂಗಡಿ ಎಂದರೆ ಏನು ಎಂದು ಇಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಹಣ ಕೊಟ್ಟು, ವಸ್ತು ತೆಗೆದುಕೊಂಡು, ಯಾರ ಋಣವೂ ಇಲ್ಲದೆ ತಲೆಯೆತ್ತಿ ಮನೆಗೆ ಹೋಗುವ ಜಾಗ ಅದು. ಒಣಮೀನಿಗೆ, ಬೀಡಿಗೆ ಅಂಥ ಜಾಗವಿದೆ. ಸೊಪ್ಪು ಬೇಕಾದರೆ ಮಾತ್ರ ಬೆನ್ನು ಬಗ್ಗಿಸಬೇಕು! ಮನೆಗೆ ಬಂದವನೇ ಪಂಚಾಯತಿಗೆ ಅರ್ಜಿ ಬರೆಯಲು ಕುಳಿತೆ. ನಾಲ್ಕು ಪುಟವಾಯಿತು. "ಹೃದಯಹೀನ", "ಅನಾದಿಕಾಲದ ಅನ್ಯಾಯ" ಮುಂತಾದ ಮಾತುಗಳೆಲ್ಲ ತಾವಾಗಿ ಬಂದು ಕುಳಿತವು. ಮಧ್ಯದಲ್ಲಿ ಹೆಂಡತಿ ಊಟಕ್ಕೆ ಕರೆದಳು. ಬಸಳೆಯ ಹುಳಿಯನ್ನು ಎರಡು ಸಲ ಬಡಿಸಿಕೊಂಡೆ.

ಮರುದಿನ ಸಂಜೆ ಶಾಲೆಯ ಜಗಲಿಯಲ್ಲಿ ಅಕ್ಕುವನ್ನು ಕೂರಿಸಿ ಅರ್ಜಿಯನ್ನು ಓದಿ ಹೇಳಿದೆ. ಅರ್ಥವಾಗಲೆಂದು ಅಲ್ಲಲ್ಲಿ ತುಳುವಿನಲ್ಲಿ ವಿವರಿಸಿದೆ. ಅವಳು ಮೆಚ್ಚಿ ಕಣ್ಣೀರು ಹಾಕುವಳೆಂದು ಎಣಿಸಿದ್ದೆ. ಅವಳು ನನ್ನ ಭುಜದಾಚೆ ಏನನ್ನೋ ನೋಡುತ್ತಿದ್ದಳು.

"ಆ ಬಸಳೆ ಚಪ್ಪರ ಯಾರದ್ದು ಮಾಷ್ಟ್ರೇ?"

"ಅದಾ? ಶಾಲೆಯದ್ದು" ಎಂದೆ.

"ನೀರು ಹಾಕುವುದು?"

"ಮಕ್ಕಳು."

"ಹೌದು, ಗಿರಿಜೆಯೂ ಹೊರುತ್ತಾಳೆ. ದಿನಾ ನಾಲ್ಕು ಕೊಡಪಾನ. ತಿನ್ನುವುದು ಯಾರು?"

ಈ ಪ್ರಶ್ನೆಗೆ ಉತ್ತರ ಊರಿಗೆಲ್ಲ ಗೊತ್ತಿತ್ತು. ಶಾಲೆಯ ತೋಟದ ಬೆಳೆ ಮಾಸ್ತರರ ಮನೆಗೆ, ಇನ್ಸ್‌ಪೆಕ್ಟರರು ಬಂದ ದಿನ ಎಳೆಯ ದಂಟೆಲ್ಲ ಅವರ ಚೀಲಕ್ಕೆ. ಇದು ನನಗಿಂತ ಮೊದಲಿದ್ದ ಮಾಸ್ತರರ ಕಾಲದಿಂದ ನಡೆದುಬಂದ ಪದ್ಧತಿ. ಅದು ಅನ್ಯಾಯವಿರಬಹುದೆಂದು ನಾಲ್ಕು ಪುಟ ಬರೆದ ಮನುಷ್ಯನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ನನ್ನ ಮುಖವನ್ನು ನೋಡದಿರಲಿ ಎನ್ನಿಸಿತು. ಗಡಿಬಿಡಿಯಿಂದ ಎದ್ದುಹೋಗಿ ಬಸಳೆಯ ದೊಡ್ಡ ಕಟ್ಟು ಕೊಯ್ದು ತಂದು ಅವಳ ಮುಂದೆ ಹಿಡಿದೆ. ಅಕ್ಕು ಸೆರಗಿನ ಗಂಟು ಬಿಚ್ಚಿ ಒಂದು ಆಣೆಯನ್ನು ಜಗಲಿಯ ಮೇಲಿಟ್ಟಳು.

"ಶಾಲೆಯ ತರಕಾರಿ ಮಾರುವುದಾ? ಛೆ, ಮಾನ ಉಂಟಲ್ಲ..." ಎಂದು ನಾನು ಹೌಹಾರಿದೆ. ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡೆ. ಬಾಯಲ್ಲಿ ವೀಳ್ಯ ಒಂದು ಇರಲಿಲ್ಲ, ಉಳಿದಂತೆ ಗುತ್ತಿನ ಯಜಮಾನರೇ ಬಂದು ನನ್ನೊಳಗೆ ಕುಳಿತಿದ್ದರು. ಅಕ್ಕು ಆಣೆಯನ್ನು ಇನ್ನಷ್ಟು ನನ್ನ ಕಡೆಗೆ ಸರಿಸಿ, ಬಸಳೆ ಎತ್ತಿಕೊಂಡು ಹೋದಳು.

ಅರ್ಜಿಯನ್ನು ಕಳಿಸಲಿಲ್ಲ. ಮುಂದಿನ ಶನಿವಾರದಿಂದ ಶಾಲೆಯ ಜಗಲಿಯಲ್ಲಿ ಮಕ್ಕಳದೇ ಅಂಗಡಿ ಶುರುವಾಯಿತು. ಎಲ್ಲರೂ ಜಗಲಿ ಹತ್ತಬಹುದು, ಹಣ ಕೊಟ್ಟವರಿಗೆ ಸೊಪ್ಪು, ಮಾಸ್ತರರೂ ಸಾಲಿನಲ್ಲೇ ಬರಬೇಕು. ಕಟ್ಟು ಕಟ್ಟುವ ಕೆಲಸ ಗಿರಿಜೆಯದು, ಮೊದಲ ಕಟ್ಟು ಕೊಳ್ಳುವುದು ಅವಳ ತಾಯಿ. ಮಳೆಗಾಲ ಬರುವ ಹೊತ್ತಿಗೆ ಹುಡುಗಿಯ ಕೆನ್ನೆಯಲ್ಲಿ ಸ್ವಲ್ಪ ಬಣ್ಣ ಕಂಡಿತು, ಸ್ವರವೂ ಗಟ್ಟಿಯಾಯಿತು. ಎಷ್ಟು ಗಟ್ಟಿಯಾಯಿತೆಂದರೆ ಒಂದು ಶನಿವಾರ ಸಾಲಿನ ಕೊನೆಯಲ್ಲಿ ನಿಂತಿದ್ದ ನನಗೆ, "ಮುಗಿಯಿತು ಮಾಷ್ಟ್ರೇ, ಇನ್ನು ಬರುವ ವಾರ!" ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

ಖಾಲಿ ಚೀಲ ಹಿಡಿದುಕೊಂಡು ಮನೆಗೆ ಬಂದೆ. "ಎಂಥ ಊರು ಇದು! ಮನುಷ್ಯನಿಗೆ ಒಂದು ಕಟ್ಟು ಸೊಪ್ಪು ಸಿಗುವುದಿಲ್ಲ ಎಂದರೆ!" ಎಂದು ಹಾರಾಡಿದೆ. ಹೆಂಡತಿ ಒಳಗಿನಿಂದ ಮಸಿಕುಡಿಕೆಯನ್ನೂ ಕಾಗದವನ್ನೂ ತಂದು ನನ್ನ ಮುಂದಿಟ್ಟು, ಮಾಡಿನಿಂದ ಸೌತೆಕಾಯಿ ಬಿಚ್ಚಲು ಹೋದಳು.