ಗೋದಲಿಯೆದುರಿನ ಕಡುಬಿನಂಗಡಿ

ಇಂದ:
ಮೆನೂರೆ ಗೆಲಿಲ್, ತಾತಾರ್ ಮುಸಲ್ಮಾನಳು,
ಖೀಮಾ ಕಡುಬಿನ ವ್ಯಾಪಾರ, ಡೊಬ್ರುಜಾ, ರೊಮೇನಿಯಾ

ಗೆ:
ಮಾನ್ಯ ಅಧ್ಯಕ್ಷರು, ಕ್ರಿಸ್ಮಸ್ ಸಂತೆ ಸಮಿತಿ, ಪುರಸಭೆ

ವಿಷಯ: ಅನ್ಯಧರ್ಮ ಪ್ರಚಾರದ ಆರೋಪದ ಮೇಲೆ ಮುಚ್ಚಿಸಿದ ಅಂಗಡಿಯನ್ನು ತೆರೆಯಲು ಅನುಮತಿ ಕೋರಿ.

ಉಲ್ಲೇಖ: ಕ್ರಿಸ್ಮಸ್ ಸಂತೆಯಲ್ಲಿ ಅನ್ಯಧರ್ಮ ಪ್ರಚಾರ ನಿಷೇಧಿಸಿದ ತಮ್ಮ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಆದೇಶಕ್ಕೆ ನನ್ನ ಪೂರ್ಣ ಸಹಮತವಿದೆ. ಅದು ಹೊರಡುವ ಮುಂಚೆಯೇ, ನಮ್ಮದೇ ಧರ್ಮದ ಕರಪತ್ರ ಹಂಚುತ್ತಿದ್ದ ಯುವಕನನ್ನು, "ಏನಪ್ಪಾ, ಬೇರೆಯವರ ಮದುವೆಮನೇಲಿ ನಿಂತು ನಿನ್ನ ಮದುವೆ ಕರೆಯೋಲೆ ಹಂಚ್ತೀಯಾ? ಕಡುಬು ತಿಂದು ಮನೆಗೆ ನಡಿ" ಎಂದು ಗದರಿ ಕಳಿಸಿದವಳು ನಾನೇ.

೨. ಹೀಗಿರಲು ಮೊನ್ನೆ, ಕ್ರಿಸ್ತಜನನದ ದೃಶ್ಯ ತೋರಿಸುವ ಗೋದಲಿಯನ್ನು ನೋಡಲು ಬಂದ ಪುಟ್ಟ ಹುಡುಗಿಯೊಬ್ಬಳು, "ಅತ್ತೆ, ಆ ಪಾಪು ಯಾರು ನಿಂಗೊತ್ತಾ?" ಎಂದಳು. "ಗೊತ್ತಿಲ್ದೆ ಏನೇ ಕಂದಾ? ನಾವು ಈಸಾ ಅಂತೀವಿ. ಅವರಮ್ಮ ಅಂದ್ರೆ ನಮಗೂ ಬಹಳ ಗೌರವ" ಎಂದೆ. ಅಂಗಡಿಯ ಹಿಂದಿನಿಂದ ಸಂತೆಯ ಇನ್‌ಸ್ಪೆಕ್ಟರ್ ಶ್ರೀ ಪ್ರೆಡೆಸ್ಕು ಹೊರಬಂದು, "ಇದೇ ಪ್ರಚಾರ! ಮುಚ್ಚಮ್ಮ ಅಂಗಡಿ!" ಎಂದು ಒಲೆ ಆರಿಸಿದರು.

೩. ಕ್ರಿಸ್ಮಸ್ ಉಪವಾಸದಲ್ಲಿ ಮಾಂಸ ವರ್ಜ್ಯವಾದ ಕಾರಣ, ಸದರಿಯವರು ಅಂಗಡಿಯ ಹಿಂದೆ ಏನು ತಿನ್ನುತ್ತಿದ್ದರೆಂಬುದನ್ನು ಈ ಅರ್ಜಿಯಲ್ಲಿ ನಮೂದಿಸಿರುವುದಿಲ್ಲ.

೪. ಪಾದ್ರಿ ಸೊಫ್ರೊನಿಯೆ ಓಡಿಬಂದು, "ಲೋ ಪ್ರೆಡೆಸ್ಕು, ಇವಳಿಂದ ನನ್ನ ಚರ್ಚಲ್ಲಿ ಒಬ್ಬನೂ ಕಮ್ಮಿಯಾಗಿಲ್ಲ, ಎಲ್ಲರ ಹೊಟ್ಟೆ ಮಾತ್ರ ಜಾಸ್ತಿಯಾಗಿದೆ. ಮೊದಲು ಮೀಸೆ ಒರೆಸ್ಕೊ" ಎಂದರು. ಇನ್‌ಸ್ಪೆಕ್ಟರು ಮೀಸೆ ಒರೆಸಿಕೊಂಡರು, ಅಂಗಡಿ ತೆರೆಯಲು ಬಿಡಲಿಲ್ಲ.

೫. ಹುಟ್ಟಿದೂರಿನಲ್ಲಿ ಹೊರಗಿನವಳಂತೆ ನಿಂತದ್ದು ಇದೇ ಮೊದಲು. ಆದ್ದರಿಂದ ಅತ್ತೆನು. ಅದು ಯಾವ ಧರ್ಮದ ರೀತ್ಯಾ ಎಂದು ಗಮನಿಸಿರುವುದಿಲ್ಲ.

೬. ಈ ದಿನ ಬೆಳಿಗ್ಗೆ, ಗೋದಲಿಯಲ್ಲಿ ಮಾತೆ ಮರಿಯಳಾಗಿ ಕೂರಬೇಕಿದ್ದ ಹುಡುಗಿಗೆ ಜ್ವರ ಬಂದ ಕಾರಣ, ಅದೇ ಶ್ರೀ ಪ್ರೆಡೆಸ್ಕು ಟೋಪಿ ತೆಗೆದು ನಮ್ಮ ಬಾಗಿಲಲ್ಲಿ ನಿಂತರು.

"ಅಕ್ಕಾ, ಮಗಳನ್ನ ಕಳಿಸ್ತೀಯಾ? ತಲೆಗೆ ಬಟ್ಟೆ ಕಟ್ಟೋದು ನಿಮ್ಮನೇಲೇ ಚೆನ್ನಾಗಿ ಬರೋದು."

"ಇದು ಯಾರ ಪ್ರಚಾರ ಸಾರ್?"

"ಜನ ಕಾಯ್ತಿದಾರೆ ಅಕ್ಕಾ."

ಕಳಿಸಿದೆನು.

ಆದ್ದರಿಂದ, ಮದುವೆ ವಯಸ್ಸಿನ ನನ್ನ ಮಗಳು ಈಗಾಗಲೇ ಗೋದಲಿಯಲ್ಲಿ ಕುಳಿತಿರುವ ಕಾರಣ, ಚಳಿ ವಿಪರೀತವಿರುವ ಕಾರಣ, ಹಾಗೂ ಜೋಸೆಫನಾಗಿ ನಿಂತ ತರುಣ ಪಾತ್ರಕ್ಕೆ ಬೇಕಾದುದಕ್ಕಿಂತ ಹತ್ತಿರ ಸರಿಯುತ್ತಿರುವ ಕಾರಣ, ಗೋದಲಿಗೆ ನೇರ ಎದುರಿರುವ ನನ್ನ ಅಂಗಡಿಯನ್ನು ಕೂಡಲೇ ತೆರೆಯಲು ಅಪ್ಪಣೆಯಾಗಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ (ಅನ್ಯಧರ್ಮದ),
ಮೆನೂರೆ ಗೆಲಿಲ್

ಲಗತ್ತು:
೧. ಅಂಗಡಿ ಮುಚ್ಚಿಸಿದ ನೋಟೀಸು (ಎಣ್ಣೆಯ ಬೆರಳಚ್ಚು ನನ್ನದಲ್ಲ).
೨. ಕಂಬಳಿ, ಎರಡು. ಮರಿಯಳಿಗೂ ಜೋಸೆಫನಿಗೂ ದಯವಿಟ್ಟು ಬೇರೆಬೇರೆಯಾಗಿ ಹೊದಿಸಬೇಕಾಗಿ ಕೋರಿಕೆ.