ಅಳತೆ ಕೊಟ್ಟ ಕೂಡಲೇ ಬೆಳೆಯುವ ಪಾದಗಳು

ನನ್ನ ತಂದೆಯವರ ಪಾದ ಅವರ ಒಂದೂಕಾಲು ವರ್ಷದ ಪ್ರಾಯದಲ್ಲಿ, ಕೇವಲ ಎಂಟು ದಿನಗಳಲ್ಲಿ, ಎರಡು ಬೆರಳಿನಷ್ಟು ಬೆಳೆಯಿತು ಎಂಬ ಕಥೆಯನ್ನು ಸೊರಬದ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೆ. ಅಜ್ಜಿಯ ಹೇಳಿಕೆಯಂತೆ, ಬೂಟಿಗೆ ಅಳತೆ ಕೊಟ್ಟದ್ದು ಒಂದು ಸಂತೆಯ ದಿನ. ಬೂಟು ಬಂದದ್ದು ಮುಂದಿನ ಸಂತೆಗೆ. ಅಷ್ಟರಲ್ಲಿ ಪಾದ ಬೂಟನ್ನು ಮೀರಿತ್ತು. ಮುಂದೆ ಚಿಕ್ಕಪ್ಪನಿಗೂ ಹಾಗೆಯೇ ಆಯಿತು, ಸೋದರತ್ತೆಗೂ ಆಯಿತು, ಕೊನೆಗೆ ನನಗೂ ಆಯಿತಂತೆ. "ನಮ್ಮ ವಂಶದ ಕಾಲೇ ಹಾಗೆ ಕಣೇ. ಅಳತೆ ತಗೊಂಡ್ರೆ ಸಾಕು, ಬೆಳೆದುಬಿಡ್ತವೆ" ಎಂದು ಅಜ್ಜಿ ಹೆಮ್ಮೆಪಡುತ್ತಿದ್ದರು.

ಶಾಲೆಯಲ್ಲಿ ಗುಣಾಕಾರ ಕಲಿತ ವರ್ಷ ನಾನು ಸ್ಲೇಟಿನ ಮೇಲೆ ಒಂದು ಲೆಕ್ಕ ಮಾಡಿ ನೋಡಿದೆ. ಅದೇ ವೇಗದಲ್ಲಿ ಬೆಳೆದಿದ್ದರೆ, ಮದುವೆಯ ಹೊತ್ತಿಗೆ ತಂದೆಯವರ ಪಾದ ನಮ್ಮ ಪಡಸಾಲೆಯಿಂದ ಹೊರಟು ಬೀದಿಯ ಆ ತುದಿಯನ್ನು ಮುಟ್ಟಿರಬೇಕಿತ್ತು. ಸ್ಲೇಟು ತೋರಿಸಿದಾಗ ಅಜ್ಜಿ ಸ್ವಲ್ಪವೂ ವಿಚಲಿತರಾಗಲಿಲ್ಲ. "ಬೂಟು ಬಂದ ಮೇಲೆ ದೇವರು ನಿಲ್ಲಿಸಿದ" ಎಂದರು.

ಇಂಥ ಕಥೆಗಳು ಒಮ್ಮೆ ಮನೆಯೊಳಗೆ ಸೇರಿಕೊಂಡರೆ ತಾವಾಗಿ ಹೊರಡುವುದಿಲ್ಲ. ತಲೆಮಾರಿಗೊಮ್ಮೆ ಹೊಸ ಪ್ರಸಂಗಗಳನ್ನು ಹುಟ್ಟಿಸುತ್ತಲೇ ಇರುತ್ತವೆ. ನನ್ನ ಸರದಿ ಬಂದದ್ದು ಬಿ.ಎ. ಮುಗಿಸಿ, ಮದುವೆಯಾಗಿ, ಶಿಕಾರಿಪುರ ಸೇರಿದ ಮೇಲೆ. ಆಗ ನಯಾಪೈಸೆ ಬಂದ ಹೊಸತು. ನನ್ನ ಮಗ ಗೋಡೆ ಹಿಡಿದು ನಿಲ್ಲಲು ಕಲಿತದ್ದೂ ಆಗಲೇ.

೧. ಬೂಟು ಮೊದಲೋ, ಹೆಜ್ಜೆ ಮೊದಲೋ

ಮಗುವಿಗೆ ಮೊದಲ ಬೂಟನ್ನು ಯಾವಾಗ ಹಾಕಬೇಕು ಎಂಬ ವಿಷಯದಲ್ಲಿ ನಮ್ಮ ಎರಡು ಮನೆಗಳಿಗೂ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ದುರದೃಷ್ಟವೆಂದರೆ, ಅವು ಎರಡಿದ್ದವು.

ಸೊರಬದಿಂದ ಬಂದಿದ್ದ ಅಮ್ಮ, "ಬೂಟು ಹಾಕಿದ್ರೇ ಮಗು ಹೆಜ್ಜೆ ಇಡೋದು ಮಾರಾಯ್ತಿ" ಎಂದಳು.

ಅತ್ತೆಯವರು ಅಕ್ಕಿ ಆರಿಸುತ್ತ, "ನಡೀಲಾರದ ಕೂಸಿಗೆ ಬೂಟು ಯಾಕ್ರೀ ಬೀಗ್ತೇರೆ? ಮೊದ್ಲು ತಾನೇ ಹೊಸ್ತಿಲ ದಾಟ್ಲಿ, ಆಮ್ಯಾಲೆ ನೋಡೋಣು" ಎಂದರು.

ಒಂದೇ ಒಂದು ಅಂಶದಲ್ಲಿ ಇಬ್ಬರೂ ಒಪ್ಪಿದ್ದರು: ಮೊದಲ ಬೂಟು ತಾಯಿಯ ತವರಿನಿಂದಲೇ ಬರಬೇಕು.

ನಾನು ಶಾಸ್ತ್ರೀಯವಾದ ಉತ್ತರಕ್ಕಾಗಿ ಡಾಕ್ಟರನ್ನು ಕೇಳಲು ಹೋದೆ. ಅವರು ಕನ್ನಡಕ ತೆಗೆದು, ನಿಧಾನವಾಗಿ ವಿವರಿಸಿದರು: ಮನೆಯೊಳಗೆ ಬರಿಗಾಲೇ ಒಳ್ಳೆಯದು, ಯಾವ ಆಸರೆಯೂ ಇಲ್ಲದೆ ಹೊರಗೆ ನಡೆಯತೊಡಗಿದ ಮೇಲೆ ಮೆತ್ತಗಿನ ಬೂಟು ಹಾಕಬೇಕು, ತುದಿಯಲ್ಲಿ ಬೆರಳಾಡಲು ಜಾಗ ಬಿಡಬೇಕು. ಇಷ್ಟು ಅಚ್ಚುಕಟ್ಟಾದ ಉತ್ತರ ನನಗೆ ಕಾಲೇಜಿನಲ್ಲಿಯೂ ಸಿಕ್ಕಿರಲಿಲ್ಲ.

"ನಿಮ್ಮ ಮಕ್ಕಳಿಗೂ ಹೀಗೇ ಮಾಡಿದ್ರಾ ಡಾಕ್ಟ್ರೇ?" ಎಂದೆ.

ಡಾಕ್ಟರು ಕನ್ನಡಕವನ್ನು ಮತ್ತೆ ಏರಿಸಿದರು. "ನಮ್ಮ ಮನ್ಯಾಗ ನಮ್ಮವ್ವ ಅದಾರ್ರೀ" ಎಂದರು.

೨. ಸರಸ್ವತಿ ಮತ್ತು ಅಡಿಕೆ ಹಾಳೆ

ಡಾಕ್ಟರ ಮಾತನ್ನು ಯಾರೂ ಕೇಳದಿದ್ದರೂ ಮಗ ಕೇಳಿದ. ಯುಗಾದಿ ಕಳೆದ ವಾರ ಒಂದು ಕೋಳಿಯನ್ನು ಅಟ್ಟಿಸಿಕೊಂಡು, ಯಾರ ಆಸರೆಯೂ ಇಲ್ಲದೆ, ಹೊಸ್ತಿಲು ದಾಟಿ ಬೀದಿಗಿಳಿದ. ಮಧ್ಯಾಹ್ನದ ಬಿಸಿಲಿಗೆ ಕಾದ ಗರಸುಕಲ್ಲು ಕಾಲಿಗೆ ತಾಗಿದ್ದೇ ತಡ, ಕೋಳಿಗಿಂತ ಜೋರಾಗಿ ಕೂಗಿಕೊಂಡ. ಅಂಗಾಲು ಕೆಂಪಾಗಿತ್ತು. ಬೂಟು ಬರುವವರೆಗೆ ಕೂಸು ಬೀದಿಗಿಳಿಯಕೂಡದೆಂದು ಅತ್ತೆಯವರು ಅಪ್ಪಣೆ ಮಾಡಿದರು. ಮಗ ಬಾಗಿಲ ಅಡ್ಡಪಟ್ಟಿಯನ್ನು ಹಿಡಿದು, ಸ್ವತಂತ್ರವಾಗಿ ಓಡಾಡುವ ಕೋಳಿಗಳನ್ನು ನೋಡುತ್ತ ದಿನವಿಡೀ ಅಳತೊಡಗಿದ.

ಸುದ್ದಿ ತಲುಪಿದ ಮರುದಿನವೇ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮರದಿಂದ ಉದುರಿದ ಅಡಿಕೆ ಹಾಳೆಯೊಂದಿಗೆ ಬಸ್ಸಿಳಿದಳು. ನಮ್ಮ ಮನೆಯ ಪದ್ಧತಿ ಅದು: ಹಾಳೆಯನ್ನು ನೀರಿನಲ್ಲಿ ನೆನೆಸಿ ಚರ್ಮದಂತೆ ಮೆತ್ತಗೆ ಮಾಡಿ, ಅದರ ಮೇಲೆ ಮಗುವನ್ನು ನಿಲ್ಲಿಸಿ, ಪಾದದ ಸುತ್ತ ಇದ್ದಿಲಿನಿಂದ ಗೆರೆ ಎಳೆದು ಕತ್ತರಿಸುವುದು, ಆ ತುಂಡನ್ನು ಸೊರಬದಲ್ಲಿ ಬೂಟು ಹೊಲಿಯುವ ಸಾಹೇಬರಿಗೆ ಕೊಡುವುದು.

"ಇಷ್ಟೆಲ್ಲ ಯಾಕಮ್ಮಾ? ಒಂದು ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದರಾಯಿತಲ್ಲ" ಎಂದೆ.

ಆ ಕ್ಷಣದಲ್ಲಿ ಬೀಗತಿಯರಿಬ್ಬರೂ ಒಂದಾದರು.

"ಕಾಗದ ಅಂದ್ರೆ ಸರಸ್ವತಿ! ಮಗು ಕೈಲಿ ತುಳಿಸ್ತೀಯಾ?" ಎಂದಳು ಅಮ್ಮ.

"ಬಿ.ಎ. ಓದ್ಸಿದ್ದು ಇದಕ್ಕೇನ್ರೀ?" ಎಂದು ಅತ್ತೆಯವರು ಅಮ್ಮನನ್ನೇ ಕೇಳಿದರು.

೩. ಕೀರ್ತಿಯ ಪಾಲು

ಅಳತೆ ಹಾಳೆಯ ಮೇಲೆಯೇ ಹೋಯಿತು. ಎಂಟು ದಿನಗಳ ನಂತರ ಬೂಟು ಬಂತು. ಕೆಂಪು ಚರ್ಮ, ಕರಿಯ ಲಾಡಿ. ನೋಡಲು ಬಲು ಚೆಂದ. ಮಗನ ಹಿಮ್ಮಡಿ ಒಳಗೆ ಹೋದರೆ ಬೆರಳು ಹೊರಗೆ, ಬೆರಳು ಹೋದರೆ ಹಿಮ್ಮಡಿ ಹೊರಗೆ.

ಅಮ್ಮನಿಗೆ ಕಣ್ಣಂಚಿನಲ್ಲಿ ನೀರು ಬಂತು, ದುಃಖದಿಂದಲ್ಲ. "ನೋಡಿದ್ಯಾ? ಅಜ್ಜನ ಕಾಲೇ ಬಂದಿದೆ! ನಮ್ಮ ವಂಶದ ಗುಣ!"

"ಅದ್ಹೆಂಗಾಗ್ತದ್ರೀ?" ಎಂದರು ಅತ್ತೆಯವರು. "ಎಂಟು ದಿನ ಉಂಡಿದ್ದು ನಮ್ಮ ಮನೀ ಅನ್ನ. ಕಾಲು ಬೆಳೆದಿದ್ರ ಅದು ನಮ್ಮ ಅನ್ನದ ಗುಣ."

ಮಧ್ಯಾಹ್ನದವರೆಗೆ ಈ ಚರ್ಚೆ ನಡೆಯಿತು. ಕೊನೆಗೆ ಎಡಗಾಲು ಸೊರಬದ ವಂಶಕ್ಕೆ, ಬಲಗಾಲು ಶಿಕಾರಿಪುರದ ಅನ್ನಕ್ಕೆ ಎಂದು ನಮ್ಮ ಯಜಮಾನರು ರಾಜಿ ಮಾಡಿಸಿದರು. ಎರಡು ಕಾಲೂ ಬರಿಗಾಲಾಗಿಯೇ ಉಳಿದಿದ್ದನ್ನು ಗಮನಿಸಿದವನು ಮಗ ಒಬ್ಬನೇ.

೪. ಪಕ್ಕದ ಮನೆಯ ಕೋರಿಕೆ

ಎರಡನೆಯ ಸಲ, ದೃಷ್ಟಿಯಾಗದಿರಲೆಂದು, ಅಡುಗೆಮನೆಯ ಬಾಗಿಲು ಮುಚ್ಚಿ ಅಳತೆ ತೆಗೆದರು. ಹಾಳೆಯ ತುಂಡನ್ನು ಸೊರಬದ ಬಸ್ಸಿನ ಕಂಡಕ್ಟರಿಗೆ ಕೊಟ್ಟೆವು. ಜೋಪಾನವಾಗಿರಲಿ ಎಂದು ಆತ ಅದನ್ನು ಎಂಜಿನ್ನಿನ ಮುಚ್ಚಳದ ಮೇಲೆ, ತನ್ನ ಕಣ್ಣಿಗೆ ಕಾಣುವಂತೆ, ಇಟ್ಟುಕೊಂಡನು. ಈ ಸಲದ ಬೂಟು ಮೊದಲಿನದಕ್ಕಿಂತಲೂ ಚಿಕ್ಕದಾಗಿತ್ತು.

ಪವಾಡದ ಸುದ್ದಿ ಬೀದಿಯಲ್ಲಿ ಹಬ್ಬಿತು. ಪಕ್ಕದ ಮನೆಯಾಕೆ ತನ್ನ ಮೂರು ವರ್ಷದ ಮಗನನ್ನು ಕಂಕುಳಲ್ಲಿರಿಸಿಕೊಂಡು ಬಂದಳು.

"ಅಕ್ಕಾ, ನಿಮ್ಮ ಹುಡುಗನ ಕಾಲಿನ ಹಾಳಿ ಒಂದು ಕೊಡ್ರೀ. ನಮ್ಮೋನು ಏನು ತಿಂದ್ರೂ ಬೆಳೆಯೊಲ್ಲ. ದಿಂಬಿನ ಕೆಳಗೆ ಇಡ್ತೀನಿ."

ಹಾಳೆ ಸೊರಬದಲ್ಲಿದೆ, ಬೇಕಾದರೆ ಈ ಎರಡನೆಯ ಬೂಟನ್ನು ನೋಡಿ ಎಂದೆ. ಆಕೆ ಅದನ್ನು ಮಗನ ಕಾಲಿಗೆ ಹಿಡಿದು ನೋಡಿ, ಮುಖ ಅರಳಿಸಿದಳು.

"ಅಯ್ಯ, ಇದು ನಮ್ಮೋನಿಗೂ ಸಣ್ಣದು! ಅಂದ್ರ ಇವನೂ ಬೆಳೆದಾನ?" ಎಂದು ಸಂತೋಷದಿಂದ ಮನೆಗೆ ಹೋದಳು.

೫. ಕಾಗದ ಬಂದು ತಾಗಿದ್ದು

ಅತ್ತೆಯವರಿಗೆ ಮಾತ್ರ ಸಂತೋಷವಾಗಲಿಲ್ಲ. "ಕೂಸು ಅತ್ತತ್ತು ಸಾಯ್ತದ. ಇನ್ನೊಂದು ಸಲ ನೋಡ್ತೀವಿ ಬೀಗ್ತೇರೆ. ಆಗ್ಲಿಲ್ಲಂದ್ರ ಇಲ್ಲೇ ಅಂಗಡ್ಯಾಗ ನಾವೇ ತರ್ತೀವಿ."

ಅಮ್ಮನ ಮುಖ ಸಣ್ಣದಾಯಿತು. "ತವರಿನ ಬೂಟು ಬಿಟ್ಟು ಅಂಗಡಿ ಬೂಟು ಹಾಕಿದ್ರೆ, ನಾನು ಇನ್ನು ಈ ಮನೆ ಮೆಟ್ಟಿಲು ಹತ್ತೋದಿಲ್ಲ."

ಅಮ್ಮ ಅಂಥ ಮಾತನ್ನು ಸುಮ್ಮನೆ ಆಡುವವಳಲ್ಲ. ತನ್ನ ಅಕ್ಕನ ಜೊತೆ ಒಮ್ಮೆ ಮಾತು ಬಿಟ್ಟವಳು, ಆ ಅಕ್ಕ ತೀರಿಹೋಗುವವರೆಗೂ ಹಾಗೆಯೇ ಇದ್ದುದನ್ನು ನಾನು ಕಂಡಿದ್ದೆ. ಮೂರನೆಯ ಬೂಟು ಸರಿಹೊಂದದಿದ್ದರೆ ನನಗೆ ತಾಯಿ ಸೊರಬದಲ್ಲಿ ಮಾತ್ರ ಉಳಿಯುತ್ತಿದ್ದಳು.

ಮೂರನೆಯ ಹಾಳೆಯನ್ನು ಕತ್ತರಿಸಿ ಕಂಡಕ್ಟರಿಗೆ ಕೊಡಲು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಟ್ಟದ ಮೇಲಿಟ್ಟೆ. ಊಟದ ನಂತರ ಮಗ ತೊಟ್ಟಿಲಲ್ಲಿ ನಿದ್ದೆಹೋದಾಗ, ನನ್ನ ಕಾಲೇಜಿನ ನೋಟ್‌ಬುಕ್ಕಿನಿಂದ ಬರೆಯದ ಒಂದು ಪುಟವನ್ನು ಕಿತ್ತು, ರಟ್ಟಿಗೆ ಅಂಟಿಸಿ, ಮೆಲ್ಲಗೆ ಅವನ ಅಂಗಾಲಿಗೆ ಒತ್ತಿ ಹಿಡಿದು ಗೆರೆ ಎಳೆದೆ. ಬೆರಳಾಡಲು ಡಾಕ್ಟರು ಹೇಳಿದಷ್ಟು ಜಾಗ ಸೇರಿಸಿದೆ. ಮಗು ಸರಸ್ವತಿಯನ್ನು ತುಳಿಯಲಿಲ್ಲ. ಸರಸ್ವತಿಯೇ ಬಂದು ಅವನ ಪಾದಕ್ಕೆ ತಾಗಿದಳು. ಯಾವ ದೇವತೆ ಎಲ್ಲಿಗೆ ಹೋಗಬೇಕೆಂದು ಹೇಳಲು ನಾನು ಯಾರು?

ಕಂಡಕ್ಟರಿಗೆ ಕೊಟ್ಟದ್ದು ಆ ರಟ್ಟನ್ನೇ. ಮೂರನೆಯ ಬೂಟು ಸರಿಯಾಗಿ ಕೂತಿತು. ಮಗ ಅದೇ ಕೋಳಿಯನ್ನು ಬೀದಿಯ ಕೊನೆಯವರೆಗೆ ಓಡಿಸಿದ. ಅಮ್ಮ ಅತ್ತೆಯವರ ಕಡೆ ತಿರುಗಿ, "ಈ ಸಲ ಅಳತೆಗೇ ಉಪ್ಪು ನೀವಾಳಿಸಿ ಕಳಿಸಿದ್ದೆ. ಅದಕ್ಕೇ ಕಾಲು ಹೇಳಿದ ಮಾತು ಕೇಳಿ ಸುಮ್ಮನಿದೆ" ಎಂದಳು.

ಅವಳು ಉಪ್ಪು ನೀವಾಳಿಸಿದ ಹಾಳೆ ಅಟ್ಟದ ಮೇಲಿತ್ತು.

೬. ಅಳಿಯಂದಿರ ಕಾಲು

ಕೆಲವು ತಿಂಗಳ ನಂತರ ಸೊರಬಕ್ಕೆ ಹೋದಾಗ ಸಾಹೇಬರ ಅಂಗಡಿಯ ಮುಂದೆ ನಿಂತು, "ಸಾಹೇಬ್ರೇ, ನಿಜ ಹೇಳಿ, ನಮ್ಮ ಮನೆ ಮಕ್ಕಳ ಬೂಟು ಯಾಕೆ ಚಿಕ್ಕದಾಗ್ತಿತ್ತು?" ಎಂದು ಕೇಳಿದೆ.

ಅವರು ಉಳಿ ಕೆಳಗಿಟ್ಟರು. "ಹಸಿ ಹಾಳೆ ಒಣಗಿದ್ರೆ ಕುಗ್ಗುತ್ತೆ ತಾಯಿ. ನಮ್ಮ ಅಬ್ಬಾ ನಿಮ್ಮ ಅಜ್ಜಿಗೆ ಹೇಳಿದ್ರು. 'ಹಾಗಾದ್ರೆ ನಮ್ಮ ಹುಡುಗನ ಕಾಲು ಬೆಳೆದಿಲ್ಲ ಅಂತೀಯಾ?' ಅಂತ ಅಜ್ಜಿಗೆ ಸಿಟ್ಟು ಬಂತು. ಹಾಳೆ ಎಷ್ಟಿದೆಯೋ ಅಷ್ಟೇ ಹೊಲೀಬೇಕು ಅಂತ ಹುಕುಂ ಆಯ್ತು. ಅವತ್ತಿಂದ ಅಷ್ಟೇ ಹೊಲೀತಿದೀವಿ."

ನಂಬಬಹುದಾದ ಮಾತು. ಆದರೆ ಇದೂ ಒಬ್ಬರು ಇನ್ನೊಬ್ಬರಿಂದ ಕೇಳಿ ಹೇಳಿದ ಕಥೆಯೇ. ಶಿಕಾರಿಪುರಕ್ಕೆ ಮರಳುವಾಗ ಒಂದು ಹಾಳೆಯನ್ನು ತಂದೆ. ಮಗುವಿನ ಪಾದವನ್ನು ಅಳೆದರೆ ಬೆಳೆಯಿತೆಂಬ ವಾದ ಮತ್ತೆ ಬರುವುದು ಖಚಿತ. ಆದ್ದರಿಂದ ಬೆಳವಣಿಗೆ ನಿಸ್ಸಂದೇಹವಾಗಿ ನಿಂತಿರುವ ಒಂದು ಪಾದ ಬೇಕಿತ್ತು. ನಮ್ಮ ಯಜಮಾನರನ್ನು ಒದ್ದೆ ಹಾಳೆಯ ಮೇಲೆ ನಿಲ್ಲಿಸಿ, ಗೆರೆ ಎಳೆದು ಕತ್ತರಿಸಿದೆ. ಏಕೆಂದು ಅವರು ಕೇಳಲಿಲ್ಲ. ಮದುವೆಯಾಗಿ ಮೂರು ವರ್ಷವಾಗಿತ್ತು.

ಎಂಟು ದಿನ ಒಣಗಿಸಿ, ಮತ್ತೆ ಅವರನ್ನು ಅದೇ ತುಂಡಿನ ಮೇಲೆ ನಿಲ್ಲಿಸಿದೆ. ಹಿಮ್ಮಡಿಯನ್ನು ಸರಿಯಾಗಿ ಹೊಂದಿಸಿದರೆ, ಹೆಬ್ಬೆರಳು ಒಂದು ಬೆರಳಗಲ ಹೊರಗೆ ಬಂದಿತ್ತು. ಸ್ಕೇಲು ಹಿಡಿದು ಬರೆದುಕೊಳ್ಳುತ್ತಿರುವಾಗಲೇ ಅಮ್ಮ, ಸೊರಬದ ಬಸ್ಸಿಳಿದು, ಬಾಗಿಲಲ್ಲಿ ಕಾಣಿಸಿಕೊಂಡಳು. ಹಾಳೆಯನ್ನು ನೋಡಿದಳು. ಹೆಬ್ಬೆರಳನ್ನು ನೋಡಿದಳು. ಕೈಯ ಚೀಲವನ್ನು ಅಲ್ಲಿಯೇ ಬಿಟ್ಟು ಅತ್ತೆಯವರನ್ನು ಕೂಗಿದಳು.

"ಬೀಗ್ತೇರೆ, ಬನ್ನಿ ಇಲ್ಲಿ! ನಮ್ಮ ಮನೆ ಹೆಣ್ಣು ತಂದದ್ದಕ್ಕೆ ನಿಮ್ಮ ಮಗನ ಕಾಲೂ ಬೆಳೀತಿದೆ!"

ಅತ್ತೆಯವರು ಬಂದು ಬಗ್ಗಿ ನೋಡಿ, "ನಮ್ಮ ಅನ್ನ ಉಂಡು ಬೆಳೀದೆ ಇರ್ತದೇನ್ರೀ?" ಎಂದರು.

ಆ ಸಂಜೆ ನಾನು ಪೆಟ್ಟಿಗೆಯ ತಳದಿಂದ ನಮ್ಮ ಯಜಮಾನರ ಮದುವೆಯ ಬೂಟನ್ನು ತೆಗೆದು, ಅವರ ಕಾಲಿಗೆ ಹಾಕಿಸಿ ನೋಡಿದೆ. ಸರಿಯಾಗಿಯೇ ಕೂತಿತು.